ಅವ್ವನ ರಕ್ತ ಕಾಯುತ್ತಿರುವ ಫ್ರೀಜರ್ ಸಾಹೇಬರಿಗೆ

ಮಾನ್ಯ ಡೀಪ್ ಫ್ರೀಜರ್ ಸಾಹೇಬರೇ,

ಸಂಶೋಧನಾ ಕೇಂದ್ರದ ಮೇಲ್ಮಹಡಿಯಲ್ಲಿ, ಮಂಜುಗಡ್ಡೆಯೂ ನಡುಗುವ ಚಳಿಯಲ್ಲಿ ವಿರಾಜಮಾನರಾಗಿರುವ ತಮಗೆ, ಸಿಂಧನೂರು ಸೀಮೆಯ ಬಿಸಿಲಲ್ಲಿ ಬೇಯುತ್ತಿರುವ ಮಸ್ಕಿಯ ಶಾಲಾ ಶಿಕ್ಷಕಿ ಅಂಬಿಕಾಳ ಅನಂತ ನಮಸ್ಕಾರಗಳು. ತುರ್ವಿಹಾಳದ ನಮ್ಮವ್ವ ಜೋಗಮ್ಮನ ರಕ್ತ ತಮ್ಮ ಹೊಟ್ಟೆಯಲ್ಲಿ ಸುಖವಾಗಿದೆಯೆಂದು ನಂಬಿದ್ದೇನೆ.

ಅವ್ವನಿಗೆ ಟಿ.ಬಿ. ಎಂದು ಗೊತ್ತಾಗಿ ಗುಳಿಗೆ ಶುರುವಾದ ವಾರದಲ್ಲೇ ತಮ್ಮವರು ಜೀಪಿನಲ್ಲಿ ಮನೆ ಹುಡುಕಿಕೊಂಡು ಬಂದರು. ರಕ್ತದಲ್ಲಿ ನ್ಯಾಚುರಲ್ ಕಿಲ್ಲರ್ ಟಿ ಕೋಶಗಳೆಂಬ ಸಿಪಾಯಿಗಳು ತೀರ ಕಡಿಮೆ ಸಂಖ್ಯೆಯಲ್ಲಿರುತ್ತವೆಂದೂ, ಟಿ.ಬಿ. ಕ್ರಿಮಿಯ ಮೈಮೇಲಿನ ಕೊಬ್ಬನ್ನು ಗುರುತು ಹಿಡಿದು ಅವು ಬೇಗನೆ ಕೂಗು ಹಾಕಿ ಉಳಿದವರನ್ನು ಎಬ್ಬಿಸುತ್ತವೆಂದೂ, ಅವ್ವನ ಸಿಪಾಯಿಗಳು ಹೇಗೆ ಕಾದುತ್ತಿವೆಯೆಂದು ನೋಡಬೇಕೆಂದೂ ಡಾಕ್ಟರ್ ರಾಜೇಶ ಅವರು ಬಹಳ ಚೆನ್ನಾಗಿ ತಿಳಿಸಿದರು. ಚಹಾ ಕುಡಿದರು, ರಕ್ತ ತೆಗೆದರು, ಐಸ್ ಡಬ್ಬಿಯಲ್ಲಿಟ್ಟುಕೊಂಡು ಹೊರಟರು. "ಭಾಳ ಒಳ್ಳೆ ಮಂದಿ ಅದಾರ, ಕೆಟ್ಟ ರಗತ ಒಯ್ದು ತೊಳದು ಕೊಡ್ತಾರಂತ" ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಳು. ಹಾಗಲ್ಲವೆಂದು ಹೇಳಿ ಹೇಳಿ ನನಗೇ ಸಾಕಾಯಿತು.

ತಮ್ಮ ಆರೈಕೆಯ ವೈಖರಿಯನ್ನೂ ಡಾಕ್ಟರರೇ ವರ್ಣಿಸಿದ್ದರು. ಕರೆಂಟ್ ಹೋದರೆ ಜನರೇಟರ್, ಅದೂ ಕೈಕೊಟ್ಟರೆ ಇನ್ನೊಂದು ಜನರೇಟರ್. ಮೈ ತುಸು ಬೆಚ್ಚಗಾದರೂ ತಾವು ಕಿರುಚುತ್ತೀರಂತೆ, ಎಂಜಿನಿಯರರು ಊಟದ ತಟ್ಟೆ ಬಿಟ್ಟು ಓಡಿ ಬರುತ್ತಾರಂತೆ. ಸಂಜೆಯಾದರೆ ಅವ್ವನ ಮೈಯೂ ಬೆಚ್ಚಗಾಗುತ್ತದೆ, ಅವಳೂ ತನ್ನ ಕೈಲಾದಷ್ಟು ಕೆಮ್ಮಿ ಸದ್ದು ಮಾಡುತ್ತಾಳೆ. ಆದರೆ ಎದ್ದು ಬರುವವಳು ಎದುರುಮನೆಯ ರಾಜಾಬೀ ಒಬ್ಬಳೇ, ಒಂದು ಲೋಟ ಬಿಸಿನೀರು ಹಿಡಿದುಕೊಂಡು.

ಈ ನಡುವೆ ಸರ್ಕಾರಿ ಆಸ್ಪತ್ರೆಯಿಂದ ಸಿಗುತ್ತಿದ್ದ ಅವ್ವನ ಗುಳಿಗೆಗಳ ಸರಬರಾಜು ನಿಂತುಹೋಗಿದೆ. ನಾನು ರಜೆ ಹಾಕಿ ಸಿಂಧನೂರು ತಿರುಗಿದೆ, ಲಿಂಗಸುಗೂರು ತಿರುಗಿದೆ. "ಸ್ಟಾಕ್ ಬಂದಿಲ್ರೀ ಟೀಚರ, ಬಂದ್ರ ಫೋನ್ ಮಾಡ್ತೀವ್ರೀ" ಎಂಬ ಮಾತು ಎಲ್ಲ ಕಡೆಯೂ ಒಂದೇ ಮರ್ಯಾದೆಯಿಂದ ಸಿಕ್ಕಿತು. ನಡುವೆ ಗುಳಿಗೆ ಬಿಟ್ಟರೆ ರೋಗ ಮುಂದೆ ಯಾವ ಔಷಧಿಗೂ ಜಗ್ಗದೆ ಹೋಗಬಹುದೆಂದು ಗೋಡೆಯ ಪೋಸ್ಟರುಗಳು ಎಚ್ಚರಿಸುತ್ತಿದ್ದವು; ಪೋಸ್ಟರುಗಳಿಗೆ ಮಾತ್ರ ಎಲ್ಲಿಯೂ ಕೊರತೆಯಿರಲಿಲ್ಲ. ನನಗೆ ಭಯವಾಗಿದೆ ಸಾಹೇಬರೇ, ಸಿಟ್ಟೂ ಬಂದಿದೆ.

ಆದ್ದರಿಂದ ತಮ್ಮ ಕಿರುಚುವ ಗಂಟೆಯನ್ನು ಕೆಲವು ದಿನ ಅವ್ವನ ಕೊರಳಿಗೆ ಕಟ್ಟಲು ಕಡ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ಅದಕ್ಕೆ ಮೇಲಿನವರ ಅಪ್ಪಣೆ ಬೇಕಾದರೆ, ತಮ್ಮಲ್ಲಿ ಹಾಯಾಗಿ ಮಲಗಿರುವ ಅವ್ವನ ಸಿಪಾಯಿಗಳನ್ನಾದರೂ ಎಬ್ಬಿಸಿ ತುರ್ವಿಹಾಳದ ಬಸ್ಸು ಹತ್ತಿಸಿ. ಅವರ ಅಣ್ಣತಮ್ಮಂದಿರು ಇಲ್ಲಿ ಗುಳಿಗೆಯ ಬೆಂಬಲವಿಲ್ಲದೆ ಕಾದುತ್ತಿದ್ದಾರೆ. ಅದೂ ಆಗದ ಮಾತಾದರೆ ಒಂದು ಖಾನೆ ಖಾಲಿ ಮಾಡಿ ಅವ್ವನನ್ನೇ ಇಡಿಯಾಗಿ ಸೇರಿಸಿಕೊಳ್ಳಿ. ಕಂಬಳಿ ನಾವೇ ತರುತ್ತೇವೆ.

ತಮ್ಮ ಮೈ ಎಂದಿಗೂ ಬೆಚ್ಚಗಾಗದಿರಲೆಂದು ಹಾರೈಸುವ

ತಮ್ಮ ವಿಶ್ವಾಸಿ,
ಅಂಬಿಕಾ
ಮಸ್ಕಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ತಮ್ಮ ಕೇಂದ್ರದಿಂದ ಫೋನ್ ಬಂತು. ಗುಳಿಗೆ ನಡುವೆ ನಿಲ್ಲಿಸಿದವರು ಅಧ್ಯಯನಕ್ಕೆ ಅರ್ಹರಲ್ಲವಾದ್ದರಿಂದ ಜೋಗಮ್ಮನವರನ್ನು ಕೈಬಿಡಲಾಗಿದೆಯಂತೆ. ಆದರೆ ಮೊದಲೇ ತೆಗೆದ ರಕ್ತವನ್ನು ಇಟ್ಟುಕೊಳ್ಳುತ್ತಾರಂತೆ. ದಯವಿಟ್ಟು ಅದನ್ನು ಚೆನ್ನಾಗಿ ನೋಡಿಕೊಳ್ಳಿ. ಗುಳಿಗೆ ತಪ್ಪದೆ ನುಂಗುತ್ತಿದ್ದ ಅವ್ವ ಈಗ ಉಳಿದಿರುವುದು ಅಲ್ಲಿ ಮಾತ್ರ.