ಗೀರು ಬೀಳದ ಬದಿ

ಬೆಳಿಗ್ಗೆ ಒಂಬತ್ತೂವರೆಗೆ ಬ್ರೆಡ್ಡು ತರಲು ಹೊರಟ ಉಲ್ರಿಕ್ ಹೇಲಿಗರ್ ಕಾರಿನಲ್ಲಿ ತನ್ನ ಹಾಡಿನ ರೆಕಾರ್ಡನ್ನೂ ಇಟ್ಟುಕೊಂಡು ಹೋದದ್ದೇ ತಪ್ಪಾಯಿತು.

"ಬ್ರೆಡ್ಡು ತರೋಕೆ ರೆಕಾರ್ಡ್ ಯಾಕ್ರೀ?" ಎಂದು ಹೆಂಡತಿ ಅನ್ಸೆಲ್ಮಾ ಕೇಳಿಯೇ ಕೇಳಿದ್ದಳು.

ಬೇಕರಿಯ ಮುಂದೆ ನಾಲ್ಕು ಜನ ಸಿಗುತ್ತಾರೆ, ಅವರಿಗೆ ತೋರಿಸಬೇಡವೇ? ತೋರಿಸಿದ. ಆಮೇಲೆ ಅದನ್ನು ಹಿಂದಿನ ಸೀಟಿನ ಮೇಲಿಟ್ಟು ಒಳಗೆ ಹೋದ. ಒಳಗೆ ಮಾತು ಒಂದೂವರೆ ಗಂಟೆ ಬೆಳೆಯಿತು. ಫ್ರೆಡರಿಕ್‌ಸ್ಟೆಡ್ ಊರಿನ ಬಿಸಿಲು ಅಷ್ಟು ಹೊತ್ತು ಸುಮ್ಮನಿರುವ ಬಿಸಿಲಲ್ಲ. ಬಂದು ನೋಡಿದರೆ ರೆಕಾರ್ಡು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸುತ್ತಲೂ ಅಂಚೆತ್ತಿಕೊಂಡು ಬಟ್ಟಲಾಗಿತ್ತು.

ಉಲ್ರಿಕ್ ಅದನ್ನು ಒತ್ತಿ ಚಪ್ಪಟೆ ಮಾಡಲು ನೋಡಿ, ಸೋತು ಮತ್ತೆ ಸೀಟಿನ ಮೇಲೇ ಇಟ್ಟ.

ನಲವತ್ತೆರಡು ವರ್ಷದ ಹಿಂದೆ ಸೇಂಟ್ ಕ್ರೋಯ್ ದ್ವೀಪದ ಐವರು ಹುಡುಗರು ಸೇರಿ ‘ಟ್ಯಾಮರಿಂಡ್ ರೂಟ್ಸ್’ ಎಂಬ ರೆಗೆ ಬ್ಯಾಂಡು ಕಟ್ಟಿದ್ದರು. ಹಾಡುವವನು ಉಲ್ರಿಕ್. ಅವರು ಹೊರತಂದದ್ದು ಒಂದೇ ರೆಕಾರ್ಡು. ಒಂದು ಬದಿಗೆ ಉಲ್ರಿಕ್‌ನ ಹಾಡು. ಹಿಂಬದಿಗೆ ಅದೇ ಹಾಡು, ದನಿ ತೆಗೆದು ಬರೀ ವಾದ್ಯ. ಅದಕ್ಕೆ ವರ್ಷನ್ ಎನ್ನುತ್ತಿದ್ದರು. ಎಲ್ಲ ರೆಗೆ ರೆಕಾರ್ಡುಗಳೂ ಆಗ ಹಾಗೇ ಇರುತ್ತಿದ್ದವು. ಉಲ್ರಿಕ್‌ನ ಲೆಕ್ಕದಲ್ಲಿ ಹಿಂಬದಿ ಎಂದರೆ ಮೇಜಿನ ಅಡಿಭಾಗವಿದ್ದಂತೆ. ಮೇಜಿಗೆ ಅಡಿಭಾಗ ಇರಲೇಬೇಕು, ಆದರೆ ಬಗ್ಗಿ ನೋಡುವವರು ಯಾರು?

ಮೂಲ ಟೇಪು ಚಂಡಮಾರುತದಲ್ಲಿ ಕೊಚ್ಚಿಹೋಯಿತು. ಬ್ಯಾಂಡು ಒಡೆಯಿತು. ಉಲ್ರಿಕ್ ಮನೆಮನೆಯ ಮೀಟರ್ ಓದಿ ನಿವೃತ್ತನಾದ. ಹೋದ ತಿಂಗಳು ಷಿಕಾಗೋದ ರೆಕಾರ್ಡ್ ಕಂಪನಿಯೊಂದರಿಂದ ನೋರಾ ಕ್ವಿನ್ ಎಂಬಾಕೆಯ ಕಾಗದ ಬಂತು: "ನಿಮ್ಮ ರೆಕಾರ್ಡ್ ಕೇಳಿ ಮೂರು ದಿನ ಬೇರೇನೂ ಕೇಳಲಾಗಲಿಲ್ಲ. ಮತ್ತೆ ಹೊರತರುತ್ತೇವೆ. ಸವೆಯದ ಒಂದು ಪ್ರತಿ ಬೇಕು." ಆಕೆ ಇವತ್ತು ಒಂದು ಗಂಟೆಗೆ ಬರುವವಳು, ಮೂರೂವರೆಗೆ ವಿಮಾನ. ಸಾಯುವ ಮುಂಚೆ ತನ್ನ ದನಿ ದ್ವೀಪ ದಾಟಬೇಕೆಂಬ ಒಂದೇ ಆಸೆಯಿದ್ದ ಉಲ್ರಿಕ್ ತಿಂಗಳಿಂದ ನೆಲದ ಮೇಲೆ ನಡೆದಿರಲಿಲ್ಲ.

ಈಗ ಕಾರು ಓಡಿಸಿದ. ಮೊದಲು ಕ್ಷೌರದ ಕತ್ಬರ್ಟ್‌ನ ಅಂಗಡಿಗೆ. ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ಅವನೇ.

"ಕೊಡ್ತೀನಿ ಮಾರಾಯ," ಎಂದ ಕತ್ಬರ್ಟ್. "ಆದ್ರೆ ಈ ಗಡ್ಡ ಇಟ್ಕೊಂಡು ಷಿಕಾಗೋದವರ ಮುಂದೆ ನಿಲ್ತೀಯಾ? ಮೇಕೆ ಕೂಡ ನಿನ್ನ ನೋಡಿ ನೆಂಟ ಅಂದ್ಕೊಳ್ಳುತ್ತೆ. ಕೂತ್ಕೋ!"

ಎಡಗೆನ್ನೆ ಮುಗಿಯುವಷ್ಟರಲ್ಲಿ ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು. ಉಲ್ರಿಕ್ ಹೌಹಾರಿ ಎದ್ದ. ಕತ್ಬರ್ಟ್ ತೆಗೆದುಕೊಟ್ಟ ರೆಕಾರ್ಡು ನೋಡಿದ. ಹಾಡಿನ ಬದಿ ಕನ್ನಡಿಯಂತಿತ್ತು. ತಿರುಗಿಸಿದರೆ ಹಿಂಬದಿ ತುಂಬ ಗೀರು.

"ನನ್ನ ದನಿ ಎಷ್ಟು ಜೋಪಾನ ಮಾಡಿದೀಯೋ!" ಎಂದು ಅವನ ಕಣ್ಣು ತುಂಬಿತು.

ಕತ್ಬರ್ಟ್ ಕತ್ತರಿ ಒರೆಸುತ್ತ, "ಹೂಂ, ಹಂಗೇ ಅಂದ್ಕೋ," ಎಂದ. "ಒಂದೇ ಸಾಕಾಗಲ್ಲ, ಎಲ್ಡ್ರಾ ಟೀಚರ್ ಹತ್ರಾನೂ ಇದೆ. ನಡಿ, ನಾನೂ ಬರ್ತೀನಿ."

ಉಲ್ರಿಕ್ ಟೀಚರ ಮನೆಗೆ ನುಗ್ಗಿದವನೇ, "ಟೀಚರ್, ನಮ್ಮ ರೆಕಾರ್ಡ್ ಎಲ್ಲಿ?" ಎಂದ.

ಎಂಬತ್ತಾರರ ಎಲ್ಡ್ರಾ ಕನ್ನಡಕ ಸರಿಪಡಿಸಿಕೊಂಡರು. "ಯಾವುದೋ ಅರ್ಧ ಬೋಳಿಸಿದ ಪ್ರಾಣಿ ಒಳಗೆ ಬಂದ ಹಾಗಿದೆ. ನಮ್ಮೂರಿನ ಮನುಷ್ಯರಾದ್ರೆ ಮೊದಲು ಗುಡ್ ಮಾರ್ನಿಂಗ್ ಅಂತಾರೆ."

"ಟೀಚರ್, ಹೊತ್ತಿಲ್ಲ..."

"ಹೊರಗೆ ಹೋಗಿ ಬಾ."

ಉಲ್ರಿಕ್ ಹೊರಗೆ ಹೋದ. ಬಾಗಿಲು ತಟ್ಟಿದ. "ಗುಡ್ ಮಾರ್ನಿಂಗ್, ಟೀಚರ್."

ಅಷ್ಟರಲ್ಲಿ ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತು.

"ಮಾರ್ನಿಂಗ್ ಮುಗೀತಲ್ಲೋ ಉಲ್ರಿಕ್. ಮತ್ತೆ ಹೋಗಿ ಬಾ."

ಮೂರನೆಯ ಸಲಕ್ಕೆ ಅವನಿಗೆ ಕುರ್ಚಿಯೂ ಒಂದು ಲೋಟ ತಣ್ಣನೆಯ ಮಾಬಿ ಪಾನಕವೂ ಸಿಕ್ಕಿದವು. ಕುಡಿದು ಮುಗಿಸದೆ ಏಳುವ ಹಾಗಿರಲಿಲ್ಲ. "ನಿಮ್ಮ ರೆಕಾರ್ಡ್ ಹಾಕಿಯೇ ಇಪ್ಪತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಸಿದೆ ಕಣೋ. ಏಳರ ಮಗ್ಗಿ ಅದರ ತಾಳಕ್ಕೆ ಕೂತಷ್ಟು ಚೆನ್ನಾಗಿ ಯಾವುದಕ್ಕೂ ಕೂರಲ್ಲ!"

ಉಲ್ರಿಕ್ ಉಬ್ಬಿಹೋದ. ಇಲ್ಲಿಯೂ ಹಾಡಿನ ಬದಿಯನ್ನು ಮದುವೆಯ ಸೀರೆಯಂತೆ ಕಾಪಾಡಿದ್ದರು, ಒಂದು ಗೀರಿಲ್ಲ. ರೆಕಾರ್ಡನ್ನು ಒಂಟಿಯಾಗಿ ಕಳಿಸಲಾರೆನೆಂದು ಟೀಚರೂ ಕೊಡೆ ಹಿಡಿದು ಕಾರು ಹತ್ತಿದರು.

ಮನೆ ಮುಟ್ಟಿದಾಗ ಒಂದೂಕಾಲು. ಅನ್ಸೆಲ್ಮಾ ಕೊಟ್ಟ ಜಾನಿಕೇಕ್ ತಿನ್ನುತ್ತ ಕೂತಿದ್ದ ನೋರಾ ಎದ್ದು ನಿಂತಳು. ಬೆರಳು ಒರೆಸಿಕೊಂಡು ಎರಡೂ ರೆಕಾರ್ಡುಗಳನ್ನು ಬೆಳಕಿಗೆ ಹಿಡಿದಳು. ಹಾಡಿನ ಬದಿ ನೋಡಿ ಸುಮ್ಮನೆ ತಲೆದೂಗಿದಳು. ಹಿಂಬದಿ ನೋಡಿ ಅವಳ ಮುಖ ಬಾಡಿತು. ಮುಳ್ಳಿಟ್ಟು ಕೇಳಿದರೂ ಅಷ್ಟೆ: ಒಲೆಯ ಮೇಲೆ ಸಾಸಿವೆ ಸಿಡಿದಂತೆ ಚಟಪಟ.

"ಅಯ್ಯೋ, ಎರಡರದ್ದೂ ವರ್ಷನ್ ಸವೆದು ಹೋಗಿದೆಯಲ್ಲ ಸರ್!"

"ಹೋಗಲಿ ಬಿಡಮ್ಮ," ಎಂದ ಉಲ್ರಿಕ್. "ಹಾಡು ಹೊಸದರ ಹಾಗಿದೆಯಲ್ಲ."

ನೋರಾ ತಡವರಿಸಿದಳು. "ಹಾಡು... ಚೆನ್ನಾಗಿದೆ ಸರ್. ಆದ್ರೆ ನಾವು ಹೊರತರೋದು ವರ್ಷನ್ ಮಾತ್ರ. ಆ ಬೇಸ್ ಗಿಟಾರ್ ಇದೆಯಲ್ಲ, ಅದಕ್ಕೋಸ್ಕರವೇ ನಾನು ಬಂದದ್ದು."

ಕತ್ಬರ್ಟ್ ಕೆಮ್ಮಿದ. ಟೀಚರ್ ಕೊಡೆಯ ಹಿಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಉಲ್ರಿಕ್ ನಿಧಾನವಾಗಿ ಅವರತ್ತ ತಿರುಗಿದ. "ಹಾಡಿನ ಬದಿಗೆ ಗೀರು ಯಾಕಿಲ್ಲ?"

"ನಿನಗೆ ಬೇಜಾರಾಗುತ್ತೆ ಅಂತ ಇಷ್ಟು ವರ್ಷ ಯಾರೂ ಹೇಳಲಿಲ್ಲ ಕಣೋ," ಎಂದ ಕತ್ಬರ್ಟ್. "ಊರೆಲ್ಲ ಹಾಕೋದು ಹಿಂಬದೀನೇ."

"ನೀನು ಹಾಡಿದ್ರೆ ಮಕ್ಕಳಿಗೆ ಮಗ್ಗಿ ತಪ್ತಿತ್ತು," ಎಂದರು ಟೀಚರ್ ಮೆತ್ತಗೆ.

ನೋರಾ ಗಡಿಯಾರ ನೋಡಿಕೊಂಡಳು. "ವರ್ಷನ್ ಒಂದ್ಸಲಾನೂ ಹಾಕದೇ ಇರೋ ಪ್ರತಿ ಈ ದ್ವೀಪದಲ್ಲಿ ಎಲ್ಲಾದ್ರೂ ಇರಬಹುದಾ?"

ನಲವತ್ತೆರಡು ವರ್ಷ ದಿನಾ ಹಾಡಿನ ಬದಿಯನ್ನಷ್ಟೇ ಹಾಕಿ ಕೇಳಿದವನು, ಹಿಂಬದಿಯನ್ನು ಒಮ್ಮೆಯೂ ತಿರುಗಿಸಿ ನೋಡದವನು, ಲೋಕದಲ್ಲಿ ಒಬ್ಬನೇ ಇದ್ದ. ಅವನು ಅರ್ಧ ಗಡ್ಡ ಸವರಿಕೊಳ್ಳುತ್ತ ಕಿಟಕಿಯಾಚೆ ನಿಂತ ಕಾರನ್ನು ನೋಡಿದ.

ನೋರಾ ಬರಿಗೈಯಲ್ಲಿ ವಿಮಾನ ಹತ್ತಿದಳು. ಸಂಜೆ ಅನ್ಸೆಲ್ಮಾ ಗಂಡನ ಪಕ್ಕ ಬಂದು ಕೂತು ಭುಜ ಸವರಿದಳು. "ಯಾರು ಏನಾದ್ರೂ ಅನ್ನಲಿ, ನನಗೆ ಹಾಡಿರೋ ಬದೀನೇ ಇಷ್ಟ."

ಉಲ್ರಿಕ್‌ನ ಮುಖ ಅರಳಿತು. "ಟೀಚರ್ ಅವರದ್ದು ಇಲ್ಲೇ ಇದೆ. ಹಾಕಲಾ?"

"ಇವತ್ತು ಬೇಡ ಕಣ್ರೀ," ಎಂದು ಅವಳು ಎದ್ದಳು. "ಒಲೆ ಮೇಲೆ ಮೀನಿದೆ."

ಅಡುಗೆಮನೆಯ ಮೇಜಿನ ಮೇಲೆ ಬಗ್ಗಿದ ರೆಕಾರ್ಡು ಬಟ್ಟಲಿನಂತೆ ಕೂತಿತ್ತು. ಅವಳು ಆಗಲೇ ಅದರಲ್ಲಿ ನಾಲ್ಕು ನಿಂಬೆಹಣ್ಣು ಇಟ್ಟಿದ್ದಳು. ಹಣ್ಣಿನ ಸುತ್ತ ಕಾಣುತ್ತಿದ್ದುದು ಹಿಂಬದಿ. ಎಲ್ಲಿಯೂ ಒಂದು ಗೀರಿಲ್ಲದೆ ಫಳಫಳ ಹೊಳೆಯುತ್ತಿತ್ತು.