ಇಲಿ ಬಾರದ ನೆಲ

ಚಿತ್ರದುರ್ಗದ ಪೇಟೆಯಲ್ಲಿ ನಿಂತು ಈ ಊರಲ್ಲಿ ಒಳ್ಳೆಯ ಕಲ್ಲು ಸಿಗುವುದಿಲ್ಲ ಎಂದು ಹೇಳಿದ ಮನುಷ್ಯ ಜಗತ್ತಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ ಎಂಬುದು ನನ್ನ ದುರದೃಷ್ಟ. ಕಣ್ಣು ತೆರೆದರೆ ಬಂಡೆ, ಕಣ್ಣು ಮುಚ್ಚಿ ನಡೆದರೆ ಹಣೆಗೆ ಬಂಡೆ! ಅಂಥ ಊರಿಗೆ ಅವರು ರೈಲಿನಲ್ಲಿ ಕಲ್ಲು ತರಿಸಿದರು.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಲೇಗಿನ ವರ್ಷ ಮಾವನ ನಡುಮನೆಯ ಮಣ್ಣುನೆಲದ ಬಿಲದಿಂದ ಒಂದು ಇಲಿ ಹೊರಬಂದು, ಗಿರಗಿರನೆ ಸುತ್ತಿ ಸತ್ತಿತು. ಸರ್ಕಾರದ ಹುಕುಮಿನಂತೆ ಮನೆ ಖಾಲಿ ಮಾಡಿ ಊರಾಚೆ ಗುಡಿಸಲು ಹಾಕಿಕೊಳ್ಳುವಷ್ಟರಲ್ಲಿ ಅವರ ಒಬ್ಬಳೇ ಮಗಳು ತೀರಿಕೊಂಡಳು. ರೋಗ ಇಳಿದ ಮೇಲೆ ಊರೆಲ್ಲ ಮನೆಗೆ ಮರಳಿತು, ಅತ್ತೆ ಮರಳಲಿಲ್ಲ. ಬಿಲವಿರುವ ನೆಲದ ಮೇಲೆ ಕಾಲಿಡುವುದಿಲ್ಲವೆಂದು ಹೇಳಿ ಭೀಮಸಮುದ್ರದ ದಾರಿಯ ಗುಡಿಸಲಲ್ಲೇ ಉಳಿದರು. ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟರು. ಹಾಗಾದರೆ ಬಿಲವೇ ಬೀಳದ ನೆಲ ಮಾಡಿ ಕರೆತರುತ್ತೇನೆ ಎಂದು ಮಾವ ಹೊರಟರು. ಹತ್ತಿರ ಕೂತು ಮಾತಾಡಿ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಮಾವನಿಗೆ ಅದಕ್ಕಿಂತ ಕಲ್ಲು ಹೊರುವುದು ಸುಲಭ!

ಮೊದಲು ಕಲ್ಲಿನ ಪರೀಕ್ಷೆ ನಡೆಯಿತು. ದುರ್ಗದ ಬಂಡೆಗಳನ್ನು ಕೈಕೋಲಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, ಒಳಗೆಲ್ಲೋ ಟೊಳ್ಳಿದೆ ಎಂದು ತಳ್ಳಿಹಾಕಿದರು. ಐಮಂಗಲದ ಕಡೆಯ ಕಲ್ಲು ಗಟ್ಟಿಯಾಗಿತ್ತು, ಆದರೆ ಇಲಿಯ ಬಣ್ಣಕ್ಕಿತ್ತು. ಹೊಸದುರ್ಗದಿಂದ ಬಂದ ತುಂಡನ್ನು ಮೂಸಿ ನೋಡಿ ವಾಪಸು ಕಳಿಸಿದರು. ಕಲ್ಲಿಗೆ ಯಾವ ವಾಸನೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ಶಹಾಬಾದಿನ ಚಪ್ಪಡಿಗಳು ಹೊಳಲ್ಕೆರೆ ಸ್ಟೇಷನ್ನಿನಲ್ಲಿ ಇಳಿದವು. ಅಲ್ಲಿಂದ ಎತ್ತಿನ ಗಾಡಿ. ಕಲ್ಲು ಒಡೆಯದಿರಲೆಂದು ಮಾವ ತಮ್ಮ ಅಂಗಡಿಯ ಕಂಬಳಿಗಳನ್ನೆಲ್ಲ ಹೊದಿಸಿದರು. ಆ ಚಳಿಗಾಲ ಅವರಲ್ಲಿ ಕಂಬಳಿ ಕೊಂಡವರು ಬೆಚ್ಚಗೇನೋ ಇದ್ದರು, ಆದರೆ ಅದರೊಳಗಿನ ಕಲ್ಲಿನ ಪುಡಿಗೆ ಬೆಳಗಿನ ತನಕ ಕೆರೆದುಕೊಂಡರು.

ಕಲ್ಲು ಕೂಡಿಸಲು ಬಂದವರು ಪೇಟೆಯ ಒಬ್ಬ ಸಾಬರು. ತಮ್ಮ ಮುತ್ತಜ್ಜ ಕೋಟೆಯ ಗೋಡೆ ಕಟ್ಟಿದವರೆಂದು ಹೇಳಿಕೊಳ್ಳದೆ ಅವರು ಕರಣೆ ಮುಟ್ಟುತ್ತಿರಲಿಲ್ಲ. ಮಾವ ಬಿಡುವರೇ?

"ಆ ಕೋಟೆನೂ ಬಿತ್ತಲ್ಲಪ್ಪ" ಎಂದರು.

"ಬೀಳ್ಲಿಲ್ಲ ಯಜಮಾನ್ರೆ, ಹಗೆಯೋರು ಹಿಡಿದ್ರು."

"ಹೆಂಗೆ ಹಿಡಿದ್ರು? ಎಲ್ಲೋ ಸಂದಿ ಇತ್ತು ತಾನೆ?"

ಸಾಬರು ಅಂದಿನಿಂದ ಮುತ್ತಜ್ಜನ ಹೆಸರೆತ್ತಲಿಲ್ಲ.

ಗಾರೆ ಗಟ್ಟಿಯಾಗಲು ಸುಣ್ಣಕ್ಕೆ ಒಂದಿಷ್ಟು ಬೆಲ್ಲದ ನೀರು ಬೆರೆಸುವುದುಂಟು. ಒಂದಿಷ್ಟು ಎಂಬ ಅಳತೆಯಲ್ಲಿ ಮಾವನಿಗೆ ನಂಬಿಕೆಯಿಲ್ಲ. ಸಾಬರು ಊಟಕ್ಕೆ ಹೋದಾಗ ತಾವೇ ಅಚ್ಚಿನ ಮೇಲೆ ಅಚ್ಚು ಬೆಲ್ಲ ಕರಗಿಸಿ ಸುರಿದರು. ಮೊದಲು ಇರುವೆ ಬಂತು. ಆಮೇಲೆ, ಏನು ಹೇಳಲಿ, ಓಣಿಯ ಇಲಿಗಳೆಲ್ಲ ಆಮಂತ್ರಣ ಸಿಕ್ಕಂತೆ ಬಂದು ಸಂದುಗಳನ್ನು ನೆಕ್ಕತೊಡಗಿದವು! ಮಾವ ಕೋಲು ಹಿಡಿದು ಕೂತರು. ಮರುದಿನ ಚಪ್ಪಡಿಗಳನ್ನೆಲ್ಲ ಕೀಳಿಸಿ, ಅಡಿಗೆ ಗಾಜಿನ ಚೂರು ಹರಡಿಸಿ, ಮತ್ತೆ ಕೂಡಿಸಿದರು. ಸಾಬರ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು.

ಆಮೇಲೆ ನೀರಿನ ಪರೀಕ್ಷೆ. ನೆಲದ ನಡುವೆ ಚೊಂಬು ನೀರು ಸುರಿದು, ಅದು ಯಾವ ಕಡೆಗೂ ಹರಿಯದೆ ನಿಲ್ಲಬೇಕೆಂದು ಹಟ. ನೆಲವೆಂದ ಮೇಲೆ ನೀರು ಹೋಗಲು ಇಳಿಜಾರು ಬೇಕೆಂದು ಸಾಬರು ಗೋಗರೆದರು.

"ನೀರು ಹೋಗೋ ದಾರೀಲೇ ಅದೂ ಬರ್ತೈತೆ" ಎಂದರು ಮಾವ. ಇಲಿ ಎಂಬ ಶಬ್ದವನ್ನು ಅವರು ಬಾಯಲ್ಲಿ ಆಡುತ್ತಿರಲಿಲ್ಲ. ಬಚ್ಚಲ ತೂಬನ್ನೂ ಗಾರೆ ಹಾಕಿ ಮುಚ್ಚಿಸಿದರು. ಪೇಟೆಯ ದೊಡ್ಡ ವ್ಯಾಪಾರಸ್ಥರಾದ ಮಾವ ಸ್ನಾನ ಮಾಡಿ, ಆ ನೀರನ್ನು ಕೊಡದಲ್ಲಿ ಮೊಗೆದು ಬೀದಿಗೆ ತಂದು ಚೆಲ್ಲುವುದನ್ನು ನೋಡಲು ಬೆಳಗ್ಗೆ ಎದುರು ಜಗಲಿಯಲ್ಲಿ ಜನ ಸೇರುತ್ತಿದ್ದರು.

ನಗುವುದಕ್ಕೆ ಬಂಧುಗಳೂ ಬಂದರು. ಹೊಸ ನೆಲದ ಮೇಲೆ ಎಲೆ ಹಾಕಿಸಿಕೊಂಡು ಉಂಡು, ಗುಡಿಸಲಿನಲ್ಲಿರುವ ಹೆಂಡತಿಯನ್ನು ಅಲ್ಲೇ ಬಿಟ್ಟು ಇನ್ನೊಂದು ಮದುವೆಯಾಗುವಂತೆ ಬುದ್ಧಿ ಹೇಳಿದರು. ಅವರಲ್ಲಿ ಎಲ್ಲರಿಗಿಂತ ಮುಂದಿದ್ದವರು ನನ್ನ ತಾಯಿ, ಅಂದರೆ ಮಾವನ ಸ್ವಂತ ಅಕ್ಕ. "ಕಲ್ಲಿನ ಜೊತೆ ಸಂಸಾರ ಮಾಡ್ತೀಯೇನಲೇ?" ಎಂದು ಕೇಳಿದರು. ಮಾವ ಬಗ್ಗಿ, ಅವರ ಎಲೆಯ ಪಕ್ಕದ ಸಂದನ್ನು ಉಗುರಿನಿಂದ ಗೀರಿ ನೋಡುತ್ತಿದ್ದರು. ಆ ಬಂಧುಗಳಲ್ಲಿ ಒಬ್ಬರಾದರೂ ಗುಡಿಸಲಿನ ಕಡೆ ಹೋಗಿ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಬಂದದ್ದನ್ನು ನಾನು ಕಾಣೆ.

ಅಂತೂ ಮಾವನಿಗೂ ಒಪ್ಪಿಗೆಯಾಗುವಂಥ ನೆಲವಾಯಿತು. ಅತ್ತೆಯನ್ನು ಕರೆತರಲು ನನ್ನನ್ನೇ ಗಾಡಿ ಕೊಟ್ಟು ಕಳಿಸಿದರು. ಅತ್ತೆ ಬಂದರು. ಅದೇ ಆಶ್ಚರ್ಯ. ಹೊಸ್ತಿಲಲ್ಲಿ ನಿಂತು ಒಂದು ಕಾಲನ್ನು ಒಳಗಿಟ್ಟರು. ನೆಲ ಕನ್ನಡಿಯಂತಿತ್ತು. ಮಗಳು ಆಡಿದ, ಓಡಿದ, ಮಲಗಿದ ಮಣ್ಣೆಲ್ಲ ಅಗೆದು ಹೊರಗೆ ಹೋಗಿತ್ತು.

"ಚೆನ್ನಾಗೈತೆ" ಎಂದು ನನಗೆ ಹೇಳಿದರು. "ಒಂದು ಗುರುತೂ ಉಳಿದಿಲ್ಲ."

ಕಾಲು ಹಿಂದೆ ತೆಗೆದುಕೊಂಡು ಹೋಗಿ ಗಾಡಿಯಲ್ಲಿ ಕೂತರು. ಜಗಲಿಯಲ್ಲಿದ್ದ ಬಂಧುಗಳು ಅತ್ತೆಯ ಸೊಕ್ಕಿನ ಬಗ್ಗೆ ಅವರಿಗೆ ಕೇಳುವಂತೆಯೇ ಮಾತಾಡಿದರು.

ಮರುದಿನ ಬೆಳಗ್ಗೆ ನಾನು ಹೋದಾಗ ಮಾವ ಅಂಗಿ ಕಳಚಿ ಹಾರೆಯಿಂದ ನಡುಮನೆಯ ಚಪ್ಪಡಿ ಮೀಟುತ್ತಿದ್ದರು. ಕಷ್ಟಪಟ್ಟು ಮುಚ್ಚಿದ ಸಂದುಗಳೆಲ್ಲ ಬಾಯಿ ಬಿಟ್ಟಿದ್ದವು. ಈಗಲಂತೂ ತಲೆ ಕೆಟ್ಟಿತು ಎಂದುಕೊಂಡು, ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ಅವಳು ಬರಾಂಗಿಲ್ಲ. ಗುಡಿಸಲಲ್ಲೂ ಮಣ್ಣುನೆಲನೇ ಐತಲ್ಲ, ಅಲ್ಲಿಗೂ ಅದು ಬಂದ್ರೆ? ನಡಿ, ಆ ಕಡೆ ಹಿಡ್ಕೋ."

ಗುಡಿಸಲಿನಲ್ಲಿ ಅತ್ತೆ ಮಲಗುವ ಮೂಲೆಯನ್ನು ಮಾವ ತಾವೇ ಅಗೆದು, ಮರಳು ಹಾಸಿ, ಮೊದಲ ಕಲ್ಲನ್ನು ಇಳಿಸಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಂತರ ಹತ್ತಿರ ಬಂದು ಕೂತು, ಕಲ್ಲಿನ ಮೇಲೆ ಅಂಗೈ ಆಡಿಸಿದರು.

"ಈ ಕಡೆ ಒಂದೀಟು ಎತ್ತರ ಆಗೈತೆ" ಎಂದರು. ನನಗಲ್ಲ, ಗಂಡನಿಗೆ. "ಎತ್ತಿ ಹಿಡೀರಿ."

ಮಾವ ಕಲ್ಲಿನ ಅಂಚನ್ನು ಎತ್ತಿ ಹಿಡಿದರು. ಅತ್ತೆ ಎರಡೂ ಕೈಗಳನ್ನು ಆ ಕಲ್ಲಿನ ಅಡಿಗೆ ಹಾಕಿ, ನಿಧಾನವಾಗಿ, ಮರಳನ್ನು ಕೆರೆದು ತೆಗೆಯತೊಡಗಿದರು.