ಶನಿವಾರ ತೆಗೆಸಿದ ಎಂಜಿನ್ ಎಣ್ಣೆ

ಮನೆಗೆ ಹೊಸ ವಸ್ತು ತಂದವನಿಗೆ ಮೊದಲು ಸಿಗುವುದು ಆ ವಸ್ತುವಿನ ಸುಖವಲ್ಲ, ಅದರ ವಿಷಯವಾಗಿ ನಾಲ್ಕು ಜನರ ಸಲಹೆ. ನಮ್ಮ ಮನೆಗೆ ರೇಡಿಯೋ ಬಂದ ಹೊಸದರಲ್ಲಿ, ಅದನ್ನು ಯಾವ ದಿಕ್ಕಿಗೆ ತಿರುಗಿಸಿಡಬೇಕೆಂದು ಹೇಳಲು ಬಂದವರು ಕಾಫಿ ಕುಡಿದು ಮೇಲೇಳುವಷ್ಟರಲ್ಲಿ ವಾರ್ತೆ ಮುಗಿದಿರುತ್ತಿತ್ತು. ಇಷ್ಟು ಅನುಭವವಿದ್ದೂ ನಾನು ಕಾರು ಕೊಂಡೆ. ಬಸವನಗುಡಿಯ ನಮ್ಮ ಬೀದಿಯಲ್ಲಿ ಅದುವರೆಗೆ ಸೈಕಲ್ಲಿನ ಮೇಲೆ ಕೋರ್ಟಿಗೆ ಹೋಗುತ್ತಿದ್ದ ಸಾಧಾರಣ ವಕೀಲನೊಬ್ಬ ಇದ್ದಕ್ಕಿದ್ದಂತೆ ಕಾರು ಕೊಂಡರೆ ಜನ ಸುಮ್ಮನಿರುವುದಾದರೂ ಹೇಗೆ?

ಶೋಕಿಗೆ ಕೊಂಡದ್ದಲ್ಲ. ಮದುವೆಯಾಗಿ ಎಂಟು ವರ್ಷವಾದ ಮೇಲೆ ನನ್ನ ಹೆಂಡತಿ ಸಾವಿತ್ರಿ ಬಸುರಿಯಾಗಿದ್ದಳು. ಹೆರಿಗೆ ಆಸ್ಪತ್ರೆ ಇದ್ದದ್ದು ಚಾಮರಾಜಪೇಟೆಯ ಆಚೆ. ಆ ದಾರಿಯಲ್ಲಿ ಜಟಕಾ ಗಾಡಿ ಹೇಗೆ ಕುಲುಕುತ್ತದೆಂಬುದು ನನ್ನ ಸೊಂಟಕ್ಕೇ ಗೊತ್ತಿತ್ತು. ನೋವು ಕಾಣಿಸಿಕೊಂಡ ದಿನ ಅವಳನ್ನು ಮೆತ್ತನೆಯ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕು, ಅಷ್ಟೇ ನನ್ನ ಆಸೆ. ಕಾರೇನೋ ಯುದ್ಧಕ್ಕೆ ಮೊದಲಿನದು. ದಂಡಿನಲ್ಲಿದ್ದ ದೊರೆಯೊಬ್ಬ ಸ್ವದೇಶಕ್ಕೆ ಹೊರಡುವಾಗ ಮಾರಿ ಹೋದದ್ದು, ಇಬ್ಬರು ಡಾಕ್ಟರುಗಳ ಕೈ ದಾಟಿ ನನ್ನ ಪಾಲಿಗೆ ಬಂದಿತ್ತು. ಹಾರ್ನು ಮನಸ್ಸು ಬಂದರೆ ಕೂಗುತ್ತಿತ್ತು. ಎಷ್ಟು ಮೈಲಿ ಓಡಿದೆ ಎಂದು ತೋರಿಸುವ ಮೀಟರು ಯಾವ ಕಾಲದಲ್ಲೋ ನಿಂತುಹೋಗಿತ್ತು. ಮೆತ್ತನೆಯ ಸೀಟಿನ ಮೇಲೆ ನಾವೇ ಒಂದು ದಿಂಬು ಹಾಕಿಕೊಂಡೆವು.

ಕೊಂಡ ವಾರದಲ್ಲೇ ಎದುರು ಮನೆಯ ಶೇಷಗಿರಿರಾಯರು ಬಂದು ಕಾರನ್ನು ಒಂದು ಪ್ರದಕ್ಷಿಣೆ ಹಾಕಿ ನೋಡಿದರು. ರಾಯರು ಸಬ್‌ರಿಜಿಸ್ಟ್ರಾರ್ ಆಗಿ ನಿವೃತ್ತರಾದವರು, ಸ್ವಂತ ಕಾರು ಇಟ್ಟವರಲ್ಲ. ಆದ್ದರಿಂದ ಕಾರಿನ ವಿಷಯದಲ್ಲಿ ಅವರಿಗೆ ಯಾವ ಅನುಮಾನವೂ ಇರಲಿಲ್ಲ. "ವಕೀಲರೇ, ಎಂಜಿನ್ ಎಣ್ಣೆ ಯಾವಾಗ ಬದಲಾಯಿಸಿದ್ರಿ? ಸಾವಿರ ಮೈಲಿಗೊಂದ್ಸಲ ಹೊಸದು ಹಾಕ್ಲೇಬೇಕು. ಇಲ್ದಿದ್ರೆ ಹಿಡ್ಕೊಂಡ್ಬಿಡತ್ತೆ, ನಡುದಾರೀಲಿ ನಿಂತ್ಬಿಡತ್ತೆ!" ಎಂದರು. ಮೀಟರು ನಿಂತ ಕಾರಿನಲ್ಲಿ ಸಾವಿರ ಮೈಲಿಯನ್ನು ಎಲ್ಲಿಂದ ಎಣಿಸುವುದು? ಆದರೆ ನಡುದಾರಿಯಲ್ಲಿ ನಿಲ್ಲುತ್ತದೆ ಎಂಬ ಮಾತು ಮಾತ್ರ ನನ್ನ ಎದೆಯಲ್ಲಿ ಕೂತುಬಿಟ್ಟಿತು. ಆ ದಾರಿ ಯಾವುದು, ಹಿಂದಿನ ಸೀಟಿನಲ್ಲಿ ಯಾರಿರುತ್ತಾರೆ ಎಂದು ನೆನೆಸಿಕೊಂಡರೆ ನಿದ್ದೆ ಬರುತ್ತಿರಲಿಲ್ಲ.

ಅಂದಿನಿಂದ ಸಿಕ್ಕಿದವರನ್ನೆಲ್ಲ ಕೇಳತೊಡಗಿದೆ. ಕೋರ್ಟಿನ ಹಿರಿಯ ವಕೀಲರೊಬ್ಬರು ಮೂರು ತಿಂಗಳಿಗೊಮ್ಮೆ ಎಂದರು. ಇನ್ನೊಬ್ಬರು, ಮೂರು ತಿಂಗಳು ಎಂದವರು ಎಣ್ಣೆ ಅಂಗಡಿಯವನ ನೆಂಟರಿರಬೇಕು, ವರ್ಷಕ್ಕೊಮ್ಮೆ ಸಾಕು ಎಂದರು. ನನ್ನ ಕ್ಷೌರಿಕ ಕತ್ತಿಯನ್ನು ಗಂಟಲ ಹತ್ತಿರ ಹಿಡಿದು, ಮಳೆಗಾಲಕ್ಕೆ ಮುಂಚೆ ಎಂದ. ಆ ಗಳಿಗೆಯಲ್ಲಿ ನನಗೂ ಅದೇ ಸರಿ ಎನ್ನಿಸಿತು. ಬಿನ್ನಿಪೇಟೆಯ ಮೆಕ್ಯಾನಿಕ್ ಮುನಿಸ್ವಾಮಿ ಮಾತ್ರ, "ಕರ್ರಗಾದ್ರೆ ಬದಲಾಯ್ಸಿ ಸಾಮಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಎಂಜಿನ್ನಿನಲ್ಲಿ ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ದಿನಾ ಬೆಳಿಗ್ಗೆ ಎಳೆದು ನೋಡಿದೆ. ಸೋಮವಾರ ಕರ್ರಗಿತ್ತು, ಮಂಗಳವಾರವೂ ಕರ್ರಗಿತ್ತು. ಕೋರ್ಟಿಗೆ ಹೋಗುವ ನನ್ನ ಬಿಳಿ ಅಂಗಿಯ ತೋಳೂ ಕ್ರಮೇಣ ಅದೇ ಬಣ್ಣಕ್ಕೆ ಬಂತು. ಅದನ್ನು ಒಗೆಯುವ ಸಾವಿತ್ರಿ, "ರೀ, ಎಣ್ಣೆ ಬದಲಾಯ್ಸಿ, ಇಲ್ಲಾ ಅಂಗಿ ಬದಲಾಯ್ಸಿ. ಎರಡರಲ್ಲಿ ಒಂದು ಇವತ್ತೇ ತೀರ್ಮಾನ ಮಾಡಿ" ಎಂದಳು.

ನಮ್ಮ ಮನೆಯಲ್ಲಿ ಎಣ್ಣೆಯ ಇಲಾಖೆ ಅಮ್ಮನದು. ಹೆಂಗಸರ ಎಣ್ಣೆಸ್ನಾನ ಮಂಗಳವಾರ, ಶುಕ್ರವಾರ. ಗಂಡಸರದು ಬುಧವಾರ, ಶನಿವಾರ. ಶನಿವಾರ ಮಾತ್ರ ಅಂಗಡಿಯಿಂದ ಒಂದು ತೊಟ್ಟು ಎಣ್ಣೆಯನ್ನೂ ಮನೆಯೊಳಗೆ ತರುವಂತಿಲ್ಲ, ತಂದರೆ ಅದರ ಹಿಂದೆಯೇ ಶನಿಯೂ ಬರುತ್ತಾನೆ. ಕಾರಿನ ಎಣ್ಣೆ ತೆಗೆಸುತ್ತೇನೆಂದು ನಾನು ಹೇಳಿದಾಗ ಅಮ್ಮ ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟು, "ನಂದಾದೀಪಕ್ಕೆ ಎಣ್ಣೆ ಕಡಿಮೆಯಾದ್ರೆ ಹಾಕ್ತೀವಿ. ಇರೋದನ್ನ ಚೆಲ್ಲಿ ಹೊಸದು ಹಾಕ್ತೀವೇನೋ?" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಹಾಗೂ ಮಾಡಿಸ್ಲೇಬೇಕು ಅಂದ್ರೆ ವಾರ ನೋಡ್ಬೇಕು. ನಿನ್ನ ಕಾರು ಗಂಡೋ, ಹೆಣ್ಣೋ?" ಎಂದು ಕೇಳಿದಳು. ಎಷ್ಟೋ ಜಡ್ಜುಗಳ ಪ್ರಶ್ನೆಗೆ ಉತ್ತರ ಕೊಟ್ಟವನು ನಾನು. ಇದಕ್ಕೆ ವಾಯಿದೆ ಕೇಳಿದೆ.

ಕೊನೆಗೆ ಮುನಿಸ್ವಾಮಿಗೆ ಬಿಡುವಿದ್ದ ಒಂದು ಶನಿವಾರ ಮಧ್ಯಾಹ್ನ ಗೊತ್ತಾಯಿತು. ಹೊಸ ಎಣ್ಣೆಯನ್ನು ಹಿಂದಿನ ದಿನವೇ ಅಕ್ಕಿಪೇಟೆಯ ಪರಿಚಿತರ ಅಂಗಡಿಯಿಂದ ತರಬೇಕಾಗಿತ್ತು. ಆದರೆ ಶುಕ್ರವಾರ ಸಂಜೆ ಕಕ್ಷಿಗಾರನೊಬ್ಬ ತನ್ನ ಭಾಗದ ಜಮೀನಿನ ಕಥೆ ಶುರುಮಾಡಿ, ಅಂಗಡಿ ಬಾಗಿಲು ಹಾಕಿದ ಮೇಲೆ ಮುಗಿಸಿದ. ಶನಿವಾರ ಮುನಿಸ್ವಾಮಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತ. ಅವನು ಹೇಳಿದ ಹೊತ್ತಿಗೆ ಬಂದದ್ದು ಅದೊಂದೇ ಸಲ. ಅಮ್ಮ ಅಲ್ಲೇ ತೀರ್ಪು ಕೊಟ್ಟಳು: "ಶನಿವಾರ ತರಬಾರದು ನಿಜ. ತೆಗೀಬಾರದು ಅಂತ ಯಾರು ಹೇಳಿದಾರೆ? ಎಣ್ಣೆ ಮನೆಯಿಂದ ಹೋದ್ರೆ ಒಳ್ಳೇದೇ. ಹಳೇದನ್ನ ಇವತ್ತು ತೆಗೆಸು, ಹೊಸದನ್ನ ನಾಳೆ ತಂದು ಹಾಕ್ಸು." ವಕೀಲನಾದ ನನಗೆ ಈ ವಾದದಲ್ಲಿ ಒಂದು ಲೋಪವೂ ಕಾಣಲಿಲ್ಲ. ಡಾಕ್ಟರಮ್ಮ ಹೆರಿಗೆಗೆ ಇನ್ನೂ ಮೂರು ವಾರವಿದೆ ಎಂದಿದ್ದರು. ಮುನಿಸ್ವಾಮಿಯೂ, "ರಾತ್ರಿಯೆಲ್ಲಾ ಸೋರ್ಲಿ ಸಾಮಿ, ಒಳಗೆ ಚೊಕ್ಕಟವಾಗತ್ತೆ" ಎಂದು ಎಂಜಿನ್ನಿನ ತಳದ ತಿರುಪನ್ನು ಬಿಚ್ಚಿದ. ಮೆಕ್ಯಾನಿಕ್ಕರ ಬಾಯಲ್ಲಿ ಅದು ಪ್ಲಗ್ಗು, ನಮ್ಮ ಮನೆಯಲ್ಲಿ ಬಿರಡೆ. ಕಳೆದುಹೋದೀತೆಂದು ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ ದೇವರ ಮನೆಯಲ್ಲಿ ಗಂಟೆಯ ಪಕ್ಕ ಇಟ್ಟಳು. ಸ್ಪ್ಯಾನರನ್ನು ನಾಳೆಗೆ ಬೇಕಲ್ಲ ಎಂದು ಮುನಿಸ್ವಾಮಿ ಅಲ್ಲೇ ಬಿಟ್ಟು ಹೋದ. ಹಳೆಯ ಎಣ್ಣೆಯ ಡಬ್ಬವನ್ನು ಶೇಷಗಿರಿರಾಯರು ಕೇಳಿ ತೆಗೆದುಕೊಂಡು ಹೋದರು. ಅವರ ಮಲ್ಲಿಗೆ ಚಪ್ಪರದ ಕಂಬಗಳಿಗೆ ಗೆದ್ದಲು ಹತ್ತಿತ್ತು. ಶನಿವಾರ ಎಣ್ಣೆ ದಾನ ಕೊಟ್ಟ ಪುಣ್ಯವೂ ಬಂತೆಂದು ಅಮ್ಮನಿಗೆ ಸಂತೋಷವಾಯಿತು.

ದೀಪ ಹಚ್ಚುವ ಹೊತ್ತಿಗೆ ಸಾವಿತ್ರಿ ಅಡುಗೆಮನೆಯ ಬಾಗಿಲು ಹಿಡಿದು ನಿಂತು, "ರೀ, ಮೂರು ವಾರ ಕಾಯೋ ಹಾಗೆ ಕಾಣ್ತಿಲ್ಲ" ಎಂದಳು.

ನಾನು ಬೀದಿಗೆ ಓಡಿದೆ. ಮೂಲೆಯ ಜಟಕಾ ನಿಲ್ದಾಣದಲ್ಲಿ ಕುದುರೆಗಳು ತಿಂದು ಬಿಟ್ಟ ಹುಲ್ಲು ಮಾತ್ರ ಬಿದ್ದಿತ್ತು. ಗಾಡಿಗಳೆಲ್ಲ ಛತ್ರದ ಮದುವೆಗೆ ಹೋಗಿದ್ದವು. ವಾಪಸು ಬಂದೆ. ಅಂಗಳದಲ್ಲಿ ಕಾರು ಬರಿ ಹೊಟ್ಟೆಯಲ್ಲಿ ನಿಂತಿತ್ತು. ಎಂಟು ವರ್ಷ ಕಾದದ್ದು, ಈ ಒಂದು ಸಂಜೆಗೋಸ್ಕರ ಕಾರು ಕೊಂಡದ್ದು, ಆ ಸಂಜೆಯೇ ಅದರ ಎಣ್ಣೆ ತೆಗೆಸಿ ನಿಲ್ಲಿಸಿದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನನಗೆ ಅಳುವೇ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆಗ ಅಮ್ಮ ಜಗಲಿಯಿಂದಲೇ ಕೂಗಿದಳು: "ನಿಂತ್ಕೊಂಡು ಏನ್ ನೋಡ್ತೀಯೋ? ರಾಯರ ಮನೇಲಿ ಎಣ್ಣೆ ಇಲ್ವಾ? ತಗೊಂಡ್ಬಾ ಹೋಗು!"

"ಅಮ್ಮ, ಇವತ್ತು ಶನಿವಾರ. ಅದೂ ದಾನ ಕೊಟ್ಟಿರೋದು..."

"ಶನಿ ಬಂದ್ರೆ ನನ್ನ ಹತ್ರ ಬರ್ಲಿ, ನಾನು ಮಾತಾಡ್ಕೋತೀನಿ. ನೀನು ಹೋಗು!"

ರಾಯರು ಚಪ್ಪರದ ಕೆಳಗೆ ಎರಡನೆಯ ಕಂಬಕ್ಕೆ ಎಣ್ಣೆ ಬಳಿಯುತ್ತಿದ್ದರು. ವಿಷಯ ಕೇಳಿದ್ದೇ ಪಂಚೆ ಎತ್ತಿ ಕಟ್ಟಿ, ಡಬ್ಬವನ್ನು ಎದೆಗವಚಿಕೊಂಡು ನನಗಿಂತ ಮುಂದೆ ಓಡಿ ಬಂದರು. "ಹೆಚ್ಚು ಖರ್ಚಾಗಿಲ್ಲ, ಹೆಚ್ಚು ಖರ್ಚಾಗಿಲ್ಲ" ಎನ್ನುತ್ತಲೇ ಇದ್ದರು. ಕಸ ಕಡ್ಡಿ ಹೋಗದಿರಲೆಂದು ಅಮ್ಮ ತನ್ನ ಹಳೆಯ ಸೀರೆಯೊಂದನ್ನು ಹರಿದು ಕೊಟ್ಟಳು. ಬಟ್ಟೆಯನ್ನು ಎಂಜಿನ್ನಿನ ಬಾಯಿಗೆ ರಾಯರು ಹಿಡಿದುಕೊಂಡರು, ನಾನು ಡಬ್ಬ ಎತ್ತಿ ಬಗ್ಗಿಸಿದೆ. ಇನ್ನೇನು ಧಾರೆ ಬೀಳಬೇಕು, ಜಗಲಿಯ ಕಂಬಕ್ಕೆ ಒರಗಿ ತುಟಿ ಕಚ್ಚಿಕೊಂಡು ನಿಂತಿದ್ದ ಸಾವಿತ್ರಿ ಕೇಳಿದಳು:

"ರೀ, ಬಿರಡೆ ಹಾಕಿದ್ರಾ?"

ನಾನೂ ರಾಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ದೇವರ ಮನೆಗೆ ನಾನು ಓಡಿದ ಓಟವನ್ನು ನೋಡಿದವರು ನನ್ನನ್ನು ಮಹಾ ಭಕ್ತನೆಂದುಕೊಳ್ಳಬೇಕು. ಬಿರಡೆ ತಂದು, ಉಟ್ಟ ಪಂಚೆಯಲ್ಲೇ ಕಾರಿನ ಕೆಳಗೆ ಅಂಗಾತ ಮಲಗಿ, ಅದನ್ನು ಬಿಗಿದೆ. ಎಣ್ಣೆ ಹೊಟ್ಟೆ ಸೇರಿತು. ಹಿಂದಿನ ಸೀಟಿನಲ್ಲಿ ಅಮ್ಮ, ಅವಳ ತೋಳಿನಲ್ಲಿ ಸಾವಿತ್ರಿ. ಮುಂದೆ ರಾಯರು. ಹಾರ್ನಿಗೆ ಆ ದಿನ ಮನಸ್ಸು ಬರಲಿಲ್ಲ. ಸಬ್‌ರಿಜಿಸ್ಟ್ರಾರ್ ಸಾಹೇಬರೇ ಕಿಟಕಿಯಿಂದ ತಲೆ ಹೊರಹಾಕಿ ಆಸ್ಪತ್ರೆಯವರೆಗೂ, "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗಿದರು. ಎಲ್ಲರೂ ಬಯ್ದಿದ್ದ ಆ ಕರಿ ಎಣ್ಣೆಯಲ್ಲಿ ಎಂಜಿನ್ನು ಒಂದು ಸಲವೂ ಕೆಮ್ಮದೆ ಓಡಿತು. ನಾವು ಹೋದ ಸ್ವಲ್ಪ ಹೊತ್ತಿಗೇ ಮಗಳು ಹುಟ್ಟಿದಳು. ದಾದಿ ಅವಳನ್ನು ತಂದು ತೋರಿಸಿದಾಗ ಎತ್ತಿಕೊಳ್ಳಲು ಕೈ ಚಾಚಿದೆ. ದಾದಿ ನನ್ನ ಕೈಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

ಮರುದಿನ ಅಮ್ಮ ಹಿಂದಿನ ದಿನದ ವಿಚಾರವನ್ನೆಲ್ಲ ಕ್ರಮಪಡಿಸಿದಳು. ಅದು ತಂದ ಎಣ್ಣೆಯಲ್ಲ, ತಿರುಗಿ ಬಂದ ಎಣ್ಣೆ; ಆದ್ದರಿಂದ ದೋಷವಿಲ್ಲ. ಹೊತ್ತುಕೊಂಡು ಹೋದದ್ದು ಹೆಣ್ಣುಮಗುವನ್ನಾದ್ದರಿಂದ ಕಾರೂ ಹೆಣ್ಣೇ. ಬಾಣಂತಿಗೆ ಎಣ್ಣೆ ನೀರು ಹಾಕಿದ ಶುಕ್ರವಾರವೇ ಕಾರಿಗೂ ಹೊಸ ಎಣ್ಣೆಯಾಯಿತು. ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಅಮ್ಮ ಕೊಟ್ಟ ಉತ್ತರವನ್ನೇ ಇವತ್ತಿಗೂ ಪಾಲಿಸುತ್ತಿದ್ದೇನೆ: ಹೊಸ ಎಣ್ಣೆ ಬಂದು ಮನೆಯಲ್ಲಿ ಕೂತ ಮೇಲೆ, ಮುಂದಿನ ಶುಕ್ರವಾರ.

ಈಗ ಬೀದಿಯಲ್ಲಿ ಇನ್ನೂ ಇಬ್ಬರು ಕಾರು ಕೊಂಡಿದ್ದಾರೆ. ಅವರ ಕಾರನ್ನು ಪ್ರದಕ್ಷಿಣೆ ಹಾಕಿ, "ಎಂಜಿನ್ ಎಣ್ಣೆ ಯಾವಾಗ ಬದಲಾಯಿಸಿದ್ರಿ?" ಎಂದು ಗಂಭೀರವಾಗಿ ಕೇಳುವವನು ನಾನೇ. ಒಳಗಿನಿಂದ ಸಾವಿತ್ರಿ ಕೆಮ್ಮುತ್ತಾಳೆ. ನಾನು ಹೊಸ ಕೇಸು ಹಿಡಿದರೂ, ಹಿತ್ತಲಲ್ಲಿ ಬಾವಿ ತೋಡಿಸುತ್ತೇನೆಂದರೂ ಅವಳು ಕೇಳುವುದು ಆ ಒಂದೇ ಪ್ರಶ್ನೆ: "ಬಿರಡೆ ಹಾಕಿದ್ರಾ?" ಮಗಳೂ ಮಾತು ಕಲಿತ ಮೇಲೆ ಅದನ್ನೇ ಕಲಿತಿದ್ದಾಳೆ. ಈ ಪ್ರಬಂಧವನ್ನು ಬರೆದು ಸಾವಿತ್ರಿಯ ಕೈಗೆ ಕೊಟ್ಟು, ಇನ್ನೂ ಎರಡು ಪುಟ ಸೇರಿಸಬೇಕೆಂದಿದ್ದೇನೆ ಎಂದೆ. ಅವಳು ಓದಿ, ನಕ್ಕು, ಕಾಗದವನ್ನು ಮಡಿಸಿ ನನಗೇ ವಾಪಸು ಕೊಟ್ಟು, "ಸುರಿದದ್ದು ಸಾಕು. ಬಿರಡೆ ಹಾಕಿ" ಎಂದಳು.